ಕೈ ತೊಳೆಯಲು ಹೋದ ತಮ್ಮ

ಬಹಿಯಾ ಖಾಲಾ ನಮ್ಮ ಮಹಡಿ ಕೋಣೆಗೆ ಬಾಡಿಗೆಗೆ ಬಂದ ದಿನವೇ ಅವಳಿಗೂ ನಮ್ಮಮ್ಮನಿಗೂ ಒಂದು ಸುತ್ತು ಮಾತಾಯಿತು. ನಾನಾಗ ಚಿಕ್ಕವಳು. ಅಮ್ಮನ ಬೆನ್ನ ಹಿಂದೆ ನಿಂತು ಕೇಳಿಸಿಕೊಂಡೆ.

"ಎಲ್ಲಿಂದ ಬಂದೆಯಮ್ಮಾ?" ಅಂದಳು ಅಮ್ಮ.

"ದಮಾಸ್ಕಸ್ಸಿಂದ. ಆದ್ರೆ ನಾನು ಮದೀನಾದೋಳೇ."

"ಮಾತು ಕೇಳಿದ್ರೆ ಹಾಗನ್ಸಲ್ಲ. ದಮಾಸ್ಕಸ್ ಕಡೆ ಶಾಮಿನೋರ ಥರ ರಾಗ ಎಳೀತೀಯಲ್ಲ."

"ಅಲ್ಲಿ ಅಷ್ಟು ವರ್ಷ ನಾನು ಬಾಯಿ ತೆಗೆದ್ರೆ ಸಾಕು, 'ಮದೀನಾದೋಳು ಶುರು ಮಾಡಿದ್ಲು' ಅಂತ ನಗ್ತಿದ್ರು. ಇಲ್ಲಿ ನೀನು ಶಾಮಿನೋಳು ಅಂತೀಯ. ನಾನೇನು ನಡುವೆ ರೈಲು ಡಬ್ಬೀಲೇ ಸಂಸಾರ ಹೂಡ್ಲಾ?"

ಅಮ್ಮನಿಗೆ ನಗು ತಡೆಯಲಾಗಲಿಲ್ಲ. ಆದರೂ ಸೋತೆ ಅಂತ ಒಪ್ಪಿಕೊಳ್ಳುವ ಹೆಂಗಸಲ್ಲ ನಮ್ಮಮ್ಮ ಸಬ್ರಿಯಾ. "ಸಾಮಾನು ಕಮ್ಮಿ ಇದ್ರೂ ನಾಲಿಗೆ ಉದ್ದ ತಂದಿದೀಯ. ಬಾ, ಕೋಣೆ ನೋಡು" ಅಂದಳು.

ಬಹಿಯಾ ಕೋಣೆ ನೋಡಲೇ ಇಲ್ಲ. ನೇರವಾಗಿ ಹೋಗಿ ಕಿಟಕಿ ತೆಗೆದಳು. ನಮ್ಮ ಮನೆ ಇದ್ದದ್ದು ಅಂಬರಿಯಾ ಮಸೀದಿಯ ಎದುರಿಗೆ. ಅಪ್ಪ ಇದ್ರೀಸ್ ಅಲ್ಲೇ ಬಾಂಗು ಕೊಡುತ್ತಿದ್ದರು. ಕಿಟಕಿ ತೆಗೆದರೆ ಮಸೀದಿಯ ಕಪ್ಪು ಕಲ್ಲಿನ ಗೋಡೆ, ಗೋಡೆಗೆ ಸಾಲಾಗಿ ನಮಾಜಿಗೆ ಮುಂಚೆ ಕೈಕಾಲು ತೊಳೆದು ವುಜೂ ಮಾಡುವ ನಲ್ಲಿಗಳು, ಅದರಾಚೆ ರೈಲು ನಿಲ್ದಾಣ. ರೈಲು ನಿಂತು ಆಗಲೇ ಎಷ್ಟೋ ವರ್ಷವಾಗಿತ್ತು. ತುರ್ಕರು ಬಿಟ್ಟುಹೋದ ಡಬ್ಬಿಗಳಲ್ಲಿ ಕೇರಿಯ ಆಡುಗಳು ಮರಿ ಹಾಕುತ್ತಿದ್ದವು. ಬಹಿಯಾ ಆ ನಲ್ಲಿಗಳ ಕಡೆ ನೋಡುತ್ತಾ ನಿಂತವಳು ನಿಂತೇ ಇದ್ದಳು. ಅಮ್ಮ ಹೆದರಿ ಅವಳ ಭುಜ ಅಲುಗಿಸಿದಳು.

"ಇದೇ ಕೋಣೆ ಬೇಕು" ಅಂದಳು ಬಹಿಯಾ. "ಬೇರೆ ಎಲ್ಲಾದ್ರೂ ಅರಮನೆ ಕೊಟ್ರೂ ಬೇಡ."

ಅವಳ ಕತೆ ನಮಗೆ ಒಂದೇ ಸಲ ಗೊತ್ತಾಗಲಿಲ್ಲ. ಮಧ್ಯಾಹ್ನದ ಹೊತ್ತು ಅಮ್ಮ ಪುದೀನಾ ಚಾ ಕಾಯಿಸಿಕೊಂಡು ಮೇಲೆ ಹೋಗುವಳು. ಬಹಿಯಾ ಬಿಳಿ ಬಟ್ಟೆಯ ಮೇಲೆ ಹಳದಿ ರೇಷ್ಮೆ ದಾರದಲ್ಲಿ ದಮಾಸ್ಕಸ್ಸಿನ ಕಸೂತಿ ಹಾಕುತ್ತಾ ಇಷ್ಟಿಷ್ಟೇ ಹೇಳುವಳು. ಅದನ್ನೆಲ್ಲ ಕೂಡಿಸಿ ನಾನು ಈಗ ಹೇಳುತ್ತಿದ್ದೇನೆ.

ಅವಳ ಅಪ್ಪ ಅತೀಕ್ ಕಲ್ಲುಕುಟಿಗ. ಈ ಮಸೀದಿ ಕಟ್ಟಿದವರಲ್ಲಿ ಅವನೂ ಒಬ್ಬ. ತಾಯಿ ಜಲೀಲಾ ಮಹಾ ಮಡಿಯ ಹೆಂಗಸು. ತನ್ನ ಹೊಸಿಲು ಗುಡಿಸಿದ್ದು ಸಾಲದೆ ನೆರೆಯವರ ಹೊಸಿಲೂ ಗುಡಿಸಿ ಬೈಸಿಕೊಳ್ಳುವಳು. ಅವರಿಗೆ ಬಹಿಯಾ ಆದ ಮೇಲೆ ಬಹಳ ತಡವಾಗಿ ಹುಟ್ಟಿದವನು ಜಾಬಿರ್. ಅಕ್ಕನ ಸೊಂಟದ ಮೇಲೇ ಬೆಳೆದ ಹುಡುಗ.

ಆಮೇಲೆ ಮೊದಲ ಮಹಾಯುದ್ಧ ಬಂತು. ಊರಿಗೆ ಮುತ್ತಿಗೆ ಬಿತ್ತು. ಮೊದಲ ಬೇಸಿಗೆಯಲ್ಲೇ ಅತೀಕ್ ಜ್ವರಕ್ಕೆ ಹೋದ. ಎರಡನೇ ವರ್ಷ ಊರಿನಲ್ಲಿ ಕಾಳು ಮುಗಿಯುತ್ತಾ ಬಂದಾಗ ತುರ್ಕಿ ಪಾಷಾ ಅಪ್ಪಣೆ ಮಾಡಿದ: ಸಿಪಾಯಿಗಳಷ್ಟೇ ಉಳಿಯಬೇಕು, ಊರವರು ರೈಲು ಹತ್ತಬೇಕು. ನಮ್ಮ ಹಿರಿಯರು ಆ ಕಾಲಕ್ಕೆ 'ಸಫರ್‌ಬರ್ಲಿಕ್' ಅನ್ನುತ್ತಿದ್ದರು. ಆ ಮಾತು ಬಂದರೆ ಈಗಲೂ ಮುದುಕಿಯರು ಕೈಲಿದ್ದ ಲೋಟ ಕೆಳಗಿಡುತ್ತಾರೆ.

ಸಿಪಾಯಿಗಳು ಬಂದಾಗ ಜಲೀಲಾ ಹಿಟ್ಟು ನಾದುತ್ತಿದ್ದಳಂತೆ. ನಾದಿದ ಹಿಟ್ಟಿನ ಮೇಲೆ ಬಟ್ಟೆ ಮುಚ್ಚಿ, ಇಬ್ಬರು ಮಕ್ಕಳನ್ನು ಕರೆದುಕೊಂಡು, ಒಂದು ಹಾಸಿಗೆ ಸುತ್ತಿಕೊಂಡು ಹೊರಟಳು. ಸಂಜೆಗೆ ವಾಪಸು ಬಂದು ರೊಟ್ಟಿ ಸುಡುತ್ತೇನೆ ಅನ್ನುವ ಹಾಗೆ. ಜನರನ್ನೆಲ್ಲ ಮಸೀದಿಗೂ ನಿಲ್ದಾಣಕ್ಕೂ ನಡುವಿನ ಬಯಲಿನಲ್ಲಿ ಕೂರಿಸಿದ್ದರು. ಯಾರೋ ಪುಣ್ಯಾತ್ಮರು ಮಕ್ಕಳಿಗೆ ಒಂದೊಂದು ಹಿಡಿ ಖರ್ಜೂರ ಹಂಚಿದರು. ಹಸಿದ ಜಾಬಿರ್ ಎರಡೂ ಕೈಯಲ್ಲಿ ಹಿಸುಕಿಕೊಂಡು ತಿಂದ. ಮೊಣಕೈ ತನಕ ಅಂಟು.

"ಥೂ, ಆ ಕೈಯಲ್ಲಿ ನನ್ನ ಬಟ್ಟೆ ಹಿಡೀಬೇಡ್ವೋ" ಅಂದಳು ಜಲೀಲಾ. "ಹೋಗು, ಆ ನಲ್ಲೀಲಿ ತೊಳ್ಕೊಂಡು ಬಾ."

ಹುಡುಗ ಓಡಿದ. ನಲ್ಲಿ ಕಣ್ಣಿಗೆ ಕಾಣುವಷ್ಟು ಹತ್ತಿರ. ಅಷ್ಟರಲ್ಲಿ ರೈಲು ಸೀಟಿ ಊದಿತು. ಸಿಪಾಯಿಗಳು ಜನರನ್ನು ಎಬ್ಬಿಸಿ ಕುರಿ ತುಂಬುವ ಹಾಗೆ ಡಬ್ಬಿಗೆ ತುಂಬಿದರು. ಜಲೀಲಾ ಹಿಂದಕ್ಕೆ ನುಗ್ಗಿದಳು; ಜನ ಅವಳನ್ನು ಮುಂದಕ್ಕೆ ನುಗ್ಗಿಸಿದರು. ಬಾಗಿಲು ಬಿತ್ತು. ಹಲಗೆಯ ಸಂದಿನಿಂದ ಬಹಿಯಾಗೆ ಎರಡು ಮಿನಾರು ಕಂಡವು, ಗುಮ್ಮಟ ಕಂಡಿತು. ತಮ್ಮ ಕಾಣಲಿಲ್ಲ.

ದಮಾಸ್ಕಸ್ಸಿನಲ್ಲಿ ಅವರನ್ನು ಒಂದು ಹಳೇ ಛತ್ರದಲ್ಲಿ ಇಳಿಸಿದರು. ಆ ಚಳಿಗಾಲ ದಾಟಲು ಜಲೀಲಾಗೆ ಆಗಲಿಲ್ಲ. ಕೊನೆಗಾಲದಲ್ಲಿ ಅವಳು ದೇವರ ಹೆಸರು ಹೇಳುತ್ತಿದ್ದುದಕ್ಕಿಂತ ಹೆಚ್ಚಾಗಿ ಒಂದೇ ಮಾತು ಕೇಳುತ್ತಿದ್ದಳಂತೆ: "ಕೈ ಅಂಟಾಗಿದ್ರೆ ಏನಾಗ್ತಿತ್ತು ಬಹಿಯಾ? ಹೇಳು, ಏನಾಗ್ತಿತ್ತು?" ಹನ್ನೊಂದು ವರ್ಷದ ಹುಡುಗಿ ಅಮ್ಮನ ಹೊದಿಕೆ ಸರಿ ಮಾಡುವಳು.

ಅನಾಥಳಾದ ಬಹಿಯಾಳನ್ನು ಮೀದಾನ್ ಕೇರಿಯ ಕಸೂತಿ ಹಾಕುವ ವಿಧವೆಯೊಬ್ಬಳು ಮನೆಗೆ ಕರೆದುಕೊಂಡಳು. ಕೆಲಸ ಕಲಿಸಿದಳು, ಹೊಟ್ಟೆಗೆ ಹಾಕಿದಳು. ಆದರೆ ಯುದ್ಧ ಮುಗಿದು ಮದೀನಾಕ್ಕೆ ಒಂದೋ ಎರಡೋ ರೈಲು ಹೊರಟಾಗ, "ವಯಸ್ಸಿಗೆ ಬಂದ ಹುಡುಗೀನ ಒಬ್ಳನ್ನೇ ಮರಳುಗಾಡಿಗೆ ಕಳಿಸೋಕೆ ನನಗೇನು ತಲೆ ಕೆಟ್ಟಿದೆಯಾ?" ಅಂತ ಬಾಗಿಲಿಗೆ ಅಡ್ಡ ನಿಂತಳು. ಮತ್ತೆ ಸೇತುವೆಗಳು ಬಿದ್ದವು, ಹಳಿ ಕಿತ್ತುಹೋಯಿತು. ರೈಲು ಬರಲೇ ಇಲ್ಲ.

ಬಹಿಯಾ ಮದುವೆಯಾದದ್ದು ರುಷ್ದಿ ಎಂಬ ತಗಡಿನ ಕೆಲಸದವನನ್ನು. ಅವನ ಮಾತು ಬಂದಾಗ ಅವಳ ಸೂಜಿ ನಿಧಾನವಾಗುತ್ತಿತ್ತು. ಮದುವೆಯ ಮಾತುಕತೆಯಲ್ಲಿ ಹೆಣ್ಣಿನ ಕಡೆಯಿಂದ ಅವಳು ಕೇಳಿದ್ದು ಒಂದೇ: ನನ್ನನ್ನು ಮದೀನಾಕ್ಕೆ ಕರೆದೊಯ್ಯಬೇಕು. ಪಾಪ, ಅವನು ಪ್ರತಿ ವಸಂತದಲ್ಲೂ ಅವಳನ್ನು ನಿಲ್ದಾಣಕ್ಕೆ ಕರೆದುಕೊಂಡು ಹೋಗಿ ವಿಚಾರಿಸುವನು. ಅಲ್ಲಿನ ಗುಮಾಸ್ತ ಇವರು ಬರುವುದನ್ನು ಕಂಡೇ, "ಮುಂದಿನ ವರ್ಷ, ಇನ್ಷಾ ಅಲ್ಲಾ" ಅನ್ನುವನು. ದಾರಿಯಲ್ಲಿ ರುಷ್ದಿ ಹೆಂಡತಿಗೆ ಬಿಸಿ ಕಡಲೆ ಕೊಡಿಸಿ, "ಈ ಊರಲ್ಲಿ ರೈಲು ಬರದೇ ಇದ್ರೂ ಕಡಲೆ ಚೆನ್ನಾಗಿ ಹುರೀತಾರೆ" ಅಂತ ನಗಿಸುವನು. ಅವರಿಗೆ ಮಕ್ಕಳಾಗಲಿಲ್ಲ. ಒಂದು ದಿನ ಅಂಗಡಿಯಲ್ಲಿ ಕೂತಿದ್ದ ಹಾಗೇ ರುಷ್ದಿ ಎದೆ ಹಿಡಿದುಕೊಂಡು ಹೋಗಿಬಿಟ್ಟ. ಶೋಕದ ದಿನಗಳು ಮುಗಿದ ಮೇಲೆ ಬಹಿಯಾ ಹಜ್ ಯಾತ್ರಿಕರ ಜೊತೆ ಹಡಗು ಹತ್ತಿದಳು. ಹಡಗಿಳಿದು ಲಾರಿ ಹತ್ತಿ ಮದೀನಾ ಸೇರಿದಳು. ಉಳಿದವರೆಲ್ಲ ದೂರದಿಂದ ಪ್ರವಾದಿಯವರ ಮಸೀದಿಯ ಹಸಿರು ಗುಮ್ಮಟ ಕಂಡು ಸಲಾಂ ಹೇಳುತ್ತಾ ಅಳುತ್ತಿದ್ದರೆ, ಇವಳು ಅಂಬರಿಯಾದ ಎರಡು ಮಿನಾರು ಕಂಡು ಅತ್ತಳಂತೆ. "ಪಾಪವೋ ಪುಣ್ಯವೋ ಗೊತ್ತಿಲ್ಲ ಸಬ್ರಿಯಾ, ನನ್ನ ಕಣ್ಣು ಮೊದಲು ಅಲ್ಲಿಗೇ ಹೋಯ್ತು" ಅನ್ನುತ್ತಿದ್ದಳು.

ಹುಟ್ಟಿದ ಮನೆ ಇರಲಿಲ್ಲ. ಮನೆಯಿರಲಿ, ಆ ಗಲ್ಲಿಯೇ ಇರಲಿಲ್ಲ. ಊರೊಳಕ್ಕೆ ಹಳಿ ಹಾಕಲು ಪಾಷಾ ಅದನ್ನೆಲ್ಲ ಕೆಡವಿಸಿದ್ದ. ಅತೀಕ್ ಅಂದರೆ ಯಾರು, ಜಲೀಲಾ ಅಂದರೆ ಯಾರು ಅಂತ ಹೇಳುವವರು ಒಬ್ಬರೂ ಸಿಗಲಿಲ್ಲ. ಸಿಕ್ಕಿದವನೆಂದರೆ ಮಸೀದಿ ಗುಡಿಸುವ ಮುದುಕ ಉಮರ್ ಒಬ್ಬ. ಅವನಿಗೆ ಕಣ್ಣು ಮಂಜಾಗಿತ್ತು, ನೆನಪು ಚುರುಕಾಗಿತ್ತು.

"ನಲ್ಲಿ ಹತ್ರ ಒಬ್ಬ ಹುಡುಗ ಉಳಿದಿದ್ನಾ ಅಜ್ಜಾ? ಐದಾರು ವರ್ಷದವನು" ಅಂತ ಬಹಿಯಾ ಕೇಳಿದಳು.

"ಯಾವ ಹುಡುಗ ಅಂತ ಹೇಳ್ಲಿ ತಾಯಿ? ಪ್ರತಿ ರೈಲು ಹೋದ ಮೇಲೂ ಯಾರಾದ್ರೂ ಉಳೀತಿದ್ರು. ಕೆಲವರು ಮುಂದಿನ ರೈಲಿಗೆ ಹೋದ್ರು. ಕೆಲವರನ್ನ ಬಕೀ ಗೋರಿಸ್ತಾನಕ್ಕೆ ನಾನೇ ಹೊತ್ತೆ. ಕೆಲವರನ್ನ ಮರಳುಗಾಡಿನ ಬದೂಗಳು ಒಂಟೆ ಮೇಲೆ ಹಾಕ್ಕೊಂಡು ಹೋದ್ರು."

"ನನ್ನ ತಮ್ಮ ಮೂರರಲ್ಲಿ ಯಾರು?"

"ಮೂರನೆಯೋರು ಅಂತ ಇಟ್ಕೋ. ಗೊತ್ತಿಲ್ಲದೇ ಇರೋವಾಗ ಒಳ್ಳೇದನ್ನೇ ಇಟ್ಕೊಳ್ಳೋದಕ್ಕೆ ಯಾರೂ ಬೇಡ ಅನ್ನಲ್ಲ."

ಅಂದಿನಿಂದ ಬಹಿಯಾ ಖಾಲಾ ಮರಳುಗಾಡಿನಿಂದ ಬರುವ ಬದೂಗಳನ್ನು ಒಬ್ಬರನ್ನೂ ಬಿಡಲಿಲ್ಲ. ತುಪ್ಪ ಮಾರುವವರು, ಸೌದೆ ಮಾರುವವರು, ಕುರಿ ಹೊಡೆದುಕೊಂಡು ಬರುವವರು, ಯಾರೇ ಬರಲಿ, ಬಾಗಿಲಲ್ಲಿ ನಿಲ್ಲಿಸಿ ಚಾ ಕೊಟ್ಟು, "ನಿಮ್ಮಲ್ಲಿ ಊರಿನ ಮಗು ಯಾವುದಾದ್ರೂ ಬೆಳೆದಿದೆಯಾ?" ಅಂತ ಕೇಳುವಳು. ಕೇರಿಯ ಪಡ್ಡೆ ಹುಡುಗರಿಗೆ ಇದೊಂದು ಆಟವಾಯಿತು. "ಬಹಿಯಾ ಖಾಲಾ, ನಾನೇ ನಿನ್ನ ತಮ್ಮ, ಗುರುತು ಸಿಗ್ಲಿಲ್ವಾ? ಒಂದು ರೊಟ್ಟಿ ಕೊಡು" ಅಂತ ಕೆಳಗಿನಿಂದ ಕೂಗುವರು. ಅವಳು ಎಳ್ಳು ಹಚ್ಚಿದ ರೊಟ್ಟಿಯನ್ನು ಕಿಟಕಿಯಿಂದ ಎಸೆದು, "ತಗೊಳ್ಳೋ ತಮ್ಮಾ, ಮೂಗು ಒರೆಸ್ಕೊಂಡು ತಿನ್ನು" ಅನ್ನುವಳು.

ನಿಜವಾಗಿ ನಾನೇ ಅಂತ ಬಂದವರೂ ಇದ್ದರು. ಒಬ್ಬ ದಢೂತಿ ಆಸಾಮಿ ಕಣ್ಣೀರು ಸುರಿಸಿಕೊಂಡೇ ಒಳಗೆ ಬಂದ. ಬಹಿಯಾ ಅವನನ್ನು ಕೂರಿಸಿ, "ಆವತ್ತು ನೀನು ಮಸೀದಿ ಹತ್ರ ಯಾಕೆ ಹೋದೆ?" ಅಂತ ಒಂದೇ ಪ್ರಶ್ನೆ ಕೇಳಿದಳು. "ನೀರು ಕುಡಿಯೋಕೆ ಅಕ್ಕಾ!" ಅಂದ. ಇನ್ನೊಬ್ಬ, "ನಮಾಜು ಮಾಡೋಕೆ" ಅಂದ. ಕೈ ತೊಳೆಯುವ ಮಾತನ್ನು ಅವಳು ನಮ್ಮ ಮನೆಯವರಿಗೆ ಬಿಟ್ಟರೆ ಯಾರಿಗೂ ಹೇಳಿರಲಿಲ್ಲ. ಇಬ್ಬರಿಗೂ ಊಟ ಹಾಕಿ ಕಳಿಸಿದಳು.

"ಆ ಎರಡನೆಯವನು ಪರವಾಗಿರ್ಲಿಲ್ಲ ಕಣೇ" ಅಂದಳು ಅಮ್ಮ. "ಒಪ್ಕೊಂಡ್ಬಿಡಬೇಕಿತ್ತು. ಯಾರೋ ಒಬ್ಬ ತಮ್ಮ ಅಂತ ಆಗ್ತಿದ್ದ."

"ಕೋಣೆ ಬಾಡಿಗೆಗೆ ತಗೋಬಹುದು ಸಬ್ರಿಯಾ. ತಮ್ಮನ್ನ ಆಗಲ್ಲ."

ಹೀಗೇ ವರ್ಷಗಳು ಹೋದವು. ನಾನು ಉದ್ದವಾದೆ. ಒಂದು ಸಲ ತುಪ್ಪ ತರುವ ಬದೂ ಹೆಂಗಸು ಚಾ ಕುಡಿಯುತ್ತಾ ತಾನಾಗಿಯೇ ಹೇಳಿದಳು: "ಬುವಾತ್ ಕಣಿವೇಲಿ ಹಮ್ದಾ ಅಂತ ಇದಾಳೆ. ಅವಳ ಮಗ ಲಾಫಿ ಅವಳ ಹೊಟ್ಟೇಲಿ ಹುಟ್ಟಿದೋನಲ್ಲ ಅಂತಾರೆ. ಗಂಡ ತುರ್ಕರ ಕಾಲದಲ್ಲಿ ಊರಿಂದ ತಂದನಂತೆ." ಲಾಫಿ ಅಂದರೆ ಬದೂಗಳ ಮಾತಿನಲ್ಲಿ ಬಂದು ಸೇರಿದವನು. ಬಹಿಯಾ ಕೈಯಲ್ಲಿದ್ದ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು, "ಅವನಿಗೆ ಹೇಳು, ಅಂಬರಿಯಾದಲ್ಲಿ ಬಾಂಗು ಕೊಡೋರ ಮನೇಲಿ ಒಂದು ಲೋಟ ಚಾ ಕಾಯ್ತಾ ಇದೆ ಅಂತ" ಅಂದಳು. ಅಷ್ಟೇ ಅಂದಳು. ಆದರೆ ಆ ದಿನದಿಂದ ಅವಳು ಹಾಕಿದ ಕಸೂತಿಯನ್ನೆಲ್ಲ ಬಿಚ್ಚಿ ಮತ್ತೆ ಹಾಕಬೇಕಾಯಿತು.

ಅವನು ಬಂದದ್ದು ಒಂದು ಶುಕ್ರವಾರ, ಜುಮಾ ನಮಾಜಿನ ನಂತರ. ಅಪ್ಪ ಮಸೀದಿಯಿಂದ ಅವನನ್ನು ಕರೆದುಕೊಂಡು ಬಂದು ನಮ್ಮ ಅಂಗಳದಲ್ಲಿ ಕೂರಿಸಿದರು. ಬಿಸಿಲಿಗೆ ಒಣಗಿದ, ಹೊಗೆಯ ವಾಸನೆಯ ಮನುಷ್ಯ, ಸೊಂಟದಲ್ಲಿ ಬಾಕು. ಕಣ್ಣೆತ್ತಿ ನೋಡಲು ನಾಚುತ್ತಿದ್ದ. ಬಹಿಯಾ ಮುಸುಕು ಎಳೆದುಕೊಂಡು ದೂರ ಕೂತಳು. ಅಪ್ಪನೇ ಕೇಳಿದರು:

"ನಿನಗೆ ಏನಾದ್ರೂ ನೆನಪಿದೆಯಾ ಮಗಾ?"

"ಮನೆ ನೆನಪಿಲ್ಲ. ಮುಖ ನೆನಪಿಲ್ಲ" ಅಂದ ಲಾಫಿ. "ಈಗ ನೀವು ಆ ನಲ್ಲಿ ಹತ್ರ ಕರ್ಕೊಂಡು ಬಂದಾಗ ಒಂದು ನೆನಪಾಯ್ತು. ರೈಲು ಹೋಗ್ತಾ ಇದೆ. ನಾನು ಎರಡೂ ಕೈ ಹೀಗೆ ಮುಂದೆ ಚಾಚ್ಕೊಂಡು ನಿಂತಿದೀನಿ. ಕೈ ಒದ್ದೆ. ಬಟ್ಟೆಗೆ ಒರೆಸಿದ್ರೆ ಬೈತಾಳೆ ಅಂತ ಹಾಗೇ ಹಿಡ್ಕೊಂಡಿದೀನಿ."

"ಯಾರು ಬೈತಾಳೆ?" ಅಂದಳು ಬಹಿಯಾ. ಅವಳ ದನಿ ನನಗೇ ಗುರುತು ಸಿಗಲಿಲ್ಲ.

"ಗೊತ್ತಿಲ್ಲ. ಯಾರೋ ಬೈತಾಳೆ ಅಂತ ಹೆದರಿಕೆ ಇತ್ತು."

ಬಹಿಯಾ ಎದ್ದು ಬಂದು ಅವನ ಮುಂದೆ ಮಂಡಿಯೂರಿದಳು. ಆ ಒರಟು ಕೈಗಳೆರಡನ್ನೂ ಹಿಡಿದು ತನ್ನ ಮುಖಕ್ಕೆ ಒತ್ತಿಕೊಂಡಳು. ಅಮ್ಮ ಗೋಡೆ ಕಡೆ ತಿರುಗಿಕೊಂಡಳು. ಅಪ್ಪ ತಸ್ಬೀಹ್ ಮಣಿ ಎಣಿಸುತ್ತಾ ಕೂತರು. ಲಾಫಿ ಮೆಲ್ಲಗೆ, "ನಾನು ಬೇಜಾರು ಮಾಡ್ಕೊಂಡಿರ್ಲಿಲ್ಲ" ಅಂದ. "ಹೊಟ್ಟೆಗಿಲ್ದೆ ಬಿಟ್ಟು ಹೋದ್ರು ಅಂತ ತಿಳ್ಕೊಂಡಿದ್ದೆ. ಆ ವರ್ಷ ಬೇಕಾದಷ್ಟು ಜನ ಹಾಗೆ ಬಿಟ್ರಂತೆ."

"ಬಿಡ್ಲಿಲ್ಲ ಕಣೋ! ಕೈ ತೊಳ್ಕೊಂಡು ಬಾ ಅಂತ ಅಮ್ಮ ಕಳಿಸಿದ್ಲು. ಅಷ್ಟರಲ್ಲಿ ಬಾಗಿಲು ಹಾಕ್ಬಿಟ್ರು."

ಅವನು ಕಣ್ಣೆತ್ತಿದ. "ಕೂಗಿದ್ಲಾ?"

"ಅಷ್ಟು ದೂರದ ಮಾಆನ್ ಸ್ಟೇಷನ್ ತನಕ ಕೂಗಿದ್ಲು. ಆಮೇಲೆ ದನಿ ಹೋಯ್ತು. ದನಿ ಹೋದ ಮೇಲೂ ಬಾಯಿ ಆಡ್ತಾನೇ ಇತ್ತು."

ಲಾಫಿ ತಲೆಯ ಬಟ್ಟೆಯ ಅಂಚು ಎಳೆದು ಮುಖ ಮುಚ್ಚಿಕೊಂಡ. ಅವನ ಭುಜ ಅಲುಗುವುದನ್ನು ನಾನು ನೋಡಿದೆ. ಗಂಡಸರು ಹಾಗೆ ಅಳುತ್ತಾರೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ಕೇಳುವವರಿಗೆ ಹಿತ. ಆದರೆ ಬಹಿಯಾಳ ಬಾಳು ಅಲ್ಲಿಗೆ ನಿಲ್ಲಲಿಲ್ಲ.

ಅವಳು ತಮ್ಮನಿಗಾಗಿ ತನ್ನ ಕೋಣೆ ಬಿಟ್ಟುಕೊಟ್ಟು ನಮ್ಮ ಜೊತೆ ಮಲಗಿದಳು. ಕಸೂತಿ ಹಾಕಿದ ಹೊದಿಕೆ, ಎರಡು ದಿಂಬು, ಗುಲಾಬಿ ನೀರು ಎಲ್ಲ ಅಣಿ ಮಾಡಿದಳು. ಬೆಳಿಗ್ಗೆ ನೋಡಿದರೆ ಹಾಸಿಗೆ ಹಾಗೇ ಇತ್ತು. ಸೂರು ಮೈಮೇಲೆ ಬೀಳುವ ಹಾಗಾಗುತ್ತದೆ ಅಂತ ಅವನು ನಿಲ್ದಾಣದ ಬಯಲಿನಲ್ಲಿ ಒಂಟೆಯ ಪಕ್ಕ ಮಲಗಿದ್ದ. "ಜಾಬಿರ್" ಅಂತ ಹಿಂದಿನಿಂದ ಕರೆದರೆ ತಿರುಗುತ್ತಿರಲಿಲ್ಲ. ಜಲೀಲಾಳ ಕತೆ ಹೇಳಿದರೆ ತಲೆಬಗ್ಗಿಸಿ ಕೇಳುವನು, ಯಾರದೋ ಮನೆಯ ಸಾವಿನ ಸುದ್ದಿಯನ್ನು ಮರ್ಯಾದೆಯಿಂದ ಕೇಳುವ ಹಾಗೆ. ಎರಡು ದಿನ ಇದ್ದು, ಒಂಟೆಗೆ ಜೀನು ಬಿಗಿದ.

"ಇನ್ನೊಂದೆರಡು ದಿನ ಇರೋ" ಅಂದಳು ಬಹಿಯಾ.

"ಅಮ್ಮ ಕಾಯ್ತಿರ್ತಾಳೆ ಅಕ್ಕಾ."

ಅವನು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೂ ಅವಳು ಅಂದು ಊಟ ಮಾಡಲಿಲ್ಲ.

ಚಳಿಗಾಲ ಬಂದಾಗ ಲಾಫಿಯೇ ಬಂದು ಅಕ್ಕನನ್ನು ಬುವಾತಿಗೆ ಕರೆದ. ಜೊತೆಗೆ ಇರಲಿ ಅಂತ ಅಪ್ಪ ನನ್ನನ್ನೂ ಕಳಿಸಿದರು. ಸತ್ತ ರೈಲುಹಳಿಯ ಪಕ್ಕದಲ್ಲೇ ಒಂಟೆಯ ಮೇಲೆ ಹೋದೆವು. ಹಮ್ದಾಳ ಗುಡಾರ ಕರಿ ಆಡುಕೂದಲಿನದು. ಎಲುಬು ಗಟ್ಟಿಯಾದ, ಗದ್ದಕ್ಕೆ ಹಚ್ಚೆ ಹೊಯ್ಸಿಕೊಂಡ ಮುದುಕಿ. ಸಲಾಮಿಗೆ ಸಲಾಂ ಹೇಳಿದಳು, ಕಾಫಿ ಬಗ್ಗಿಸಿದಳು, ನಗಲಿಲ್ಲ. ಲಾಫಿ ಒಂಟೆ ಕಟ್ಟಲು ಹೊರಗೆ ಹೋದದ್ದೇ ತಡ, "ಕರ್ಕೊಂಡು ಹೋಗೋಕೆ ಬಂದ್ಯಾ?" ಅಂದಳು.

"ಇಲ್ಲ. ನೋಡ್ಕೊಂಡು ಹೋಗೋಕೆ."

"ಅವನನ್ನ ತಂದಾಗ ಒಂದು ಚಳಿಗಾಲ ಪೂರ್ತಿ ಮಾತಾಡ್ಲಿಲ್ಲ. ನಾನು ಹೆತ್ತವೆರಡೂ ಮಣ್ಣಿಗೆ ಹೋಗಿದ್ವು, ನನಗೂ ಮಾತು ಬೇಕಿರ್ಲಿಲ್ಲ. ಊಟಕ್ಕೆ ಕೂರೋ ಮುಂಚೆ ಎರಡೂ ಕೈ ಚಾಚ್ಕೊಂಡು ನಿಲ್ಲೋನು, ನಾನು ನೀರು ಹಾಕ್ಲಿ ಅಂತ! ನಮಗೆ ಕುಡಿಯೋಕೇ ಗತಿಯಿಲ್ಲ, ದೊರೆ ಮಗನಿಗೆ ಕೈಗೆ ನೀರು ಬೇಕು. ಮರಳಲ್ಲಿ ಉಜ್ಕೊಳ್ಳೋದು ಕಲಿಸಿದೆ." ಹಮ್ದಾ ಬೆಂಕಿ ಕೆದಕಿದಳು. "ಅವನ ಹೆತ್ತೋಳನ್ನ ಬೈಯ್ದೇ ಇದ್ದ ದಿನ ಇಲ್ಲ. ಎಂಥಾ ಕಲ್ಲು ಹೆಂಗಸಿರ್ಬೇಕು, ಇಂಥಾ ಮಗೂನ ಬೀದೀಲಿ ಬಿಟ್ಟು ಹೋಗೋಕೆ ಅಂತ."

ಬಹಿಯಾ ಸಿಟ್ಟಾಗಲಿಲ್ಲ. ಖರ್ಜೂರದ ಅಂಟಿನಿಂದ ಹಿಡಿದು ಛತ್ರದ ಚಳಿಯವರೆಗೆ ಎಲ್ಲ ಹೇಳಿದಳು. ಹಮ್ದಾಳ ಕೈಯ ಕಡ್ಡಿ ಬೂದಿಯಲ್ಲೇ ನಿಂತಿತು.

"ಅವಳ ಹೆಸರೇನು?" ಅಂದಳು ಕೊನೆಗೆ.

"ಜಲೀಲಾ."

"ಜಲೀಲಾ" ಅಂದಳು ಹಮ್ದಾ, ಗುಡಾರದ ಆಚೆಗೆ ಯಾರೋ ನಿಂತಿದ್ದಾರೆ ಅನ್ನುವ ಹಾಗೆ. "ನನಗೆ ಗೊತ್ತಿರ್ಲಿಲ್ಲ ತಾಯಿ. ನಾನು ಬೈದಿದ್ದನ್ನೆಲ್ಲ ವಾಪಸ್ ತಗೊಂಡೆ. ನಿನ್ನ ಮಗ ಚೆನ್ನಾಗಿದಾನೆ." ಆಮೇಲೆ ಗಟ್ಟಿಯಾಗಿ ಅಳಲು ಶುರು ಮಾಡಿದಳು. ಹೊರಗಿದ್ದ ಲಾಫಿ ಗಾಬರಿಯಾಗಿ ಓಡಿಬಂದ. "ಏನಿಲ್ಲ ಹೋಗೋ, ಹೊಗೆ" ಅಂತ ಗದರಿ ಕಳಿಸಿದಳು.

ಬಹಿಯಾಗೆ ಅಲ್ಲೇ ಉಳಿಯುವ ಆಸೆಯಿತ್ತು. ಲಾಫಿಯ ಹೆಂಡತಿ ಒಳ್ಳೆಯವಳು, ಮಕ್ಕಳು ಅತ್ತೆ ಅತ್ತೆ ಅಂತ ಮೈಮೇಲೆ ಬೀಳುತ್ತಿದ್ದವು. ಆದರೆ ಹಾಲಿನ ವಾಸನೆ, ಗಾಳಿ, ಮರಳು ಬೆರೆತ ಅನ್ನ ಅವಳಿಗೆ ಒಗ್ಗಲಿಲ್ಲ. ಕೆಮ್ಮು ಹಿಡಿಯಿತು. ವಾಪಸು ಬರುವಾಗ ಒಂಟೆಯ ಮೇಲೆ ನನ್ನ ಬೆನ್ನಿಗೆ ತಲೆಯಿಟ್ಟು ಹೇಳಿದಳು:

"ನಾನು ಹುಡುಕಿದ್ದು ಆ ಸಣ್ಣ ಹುಡುಗನ್ನ ಕಣೇ. ಸಿಕ್ಕಿದ್ದು ಗಡ್ಡ ಇರೋನು. ಇವನು ಬಹಳ ಒಳ್ಳೆಯವನು, ಅಲ್ಲಾ ಚೆನ್ನಾಗಿಟ್ಟಿರ್ಲಿ. ಆದ್ರೆ ಆ ಹುಡುಗ ಮಾತ್ರ ಇನ್ನೂ ಸಿಕ್ಕಿಲ್ಲ ನೋಡು."

ಅವಳ ಕೆಮ್ಮು ಏಳದಿರಲಿ ಅಂತ ನಾನು ಒಂಟೆಯ ನಡಿಗೆ ನಿಧಾನ ಮಾಡಿದೆ.

ಮುಂದೆ ಅಕ್ಕ ತಮ್ಮಂದಿರಿಗೆ ಒಂದು ರೂಢಿಯಾಯಿತು. ಅವನು ಸುಗ್ಗಿಗೊಮ್ಮೆ ತುಪ್ಪ, ಒಣ ಮೊಸರು ತರುವನು. ಅವಳು ಅವನ ಮಕ್ಕಳಿಗೆ ಅಂಗಿ ಹೊಲಿದಿಡುವಳು. ಕಾಲಾಂತರದಲ್ಲಿ ಜಾಬಿರ್ ಅಂದರೆ ತಿರುಗುವುದನ್ನೂ ಕಲಿತ. ನನಗೆ ಮದುವೆಯಾಗಿ, ಮನೆಯಳಿಯ ಬಂದು, ಮಕ್ಕಳಾದವು. ಒಮ್ಮೆ ಲಾಫಿ ತುಪ್ಪದ ಜೊತೆ ಹಮ್ದಾಳನ್ನೂ ತಂದ. ಅವಳಿಗೆ ಕಣ್ಣು ಹೋಗುತ್ತಿತ್ತು. ವೈದ್ಯರು ತೊಳೆದರು, ಔಷಧಿ ಬಿಟ್ಟರು, ತಡವಾಯಿತು ಅಂದರು. ಕುರುಡಿಯನ್ನು ಮರಳುಗಾಡಿನಲ್ಲಿ ಸಾಗಹಾಕುವುದು ಹೇಗೆ ಅಂತ ಲಾಫಿ ತಲೆ ಮೇಲೆ ಕೈ ಹೊತ್ತು ಕೂತಾಗ, "ಇಲ್ಲೇ ಇರ್ಲಿ, ನನ್ನ ಕೋಣೇಲಿ" ಅಂದಳು ಬಹಿಯಾ.

ಆ ಇಬ್ಬರು ಒಂದೇ ಕೋಣೆಯಲ್ಲಿ ಹೇಗಿದ್ದರೋ! ದಿನ ಬೆಳಗಾದರೆ ಜಗಳ.

"ಇದು ಚಾನಾ? ಆಡಿಗೆ ಹಾಕೋ ಸೊಪ್ಪಿನ ಕಷಾಯ" ಅನ್ನುವಳು ಹಮ್ದಾ.

"ಇದು ಮದೀನಾದ ಪುದೀನಾ. ಮೂರು ಲೋಟ ಕುಡಿದು ಆದ್ಮೇಲೆ ಹೆಸರಿಡ್ತೀಯಲ್ಲ ಮುದುಕಿ."

"ಕಣ್ಣು ಕಾಣಲ್ಲ ಅಂತ ಲೋಟ ಬೇರೆ ಎಣಿಸ್ತೀಯಾ ಪಾಪಿ!"

ಆದರೂ ಅಪ್ಪನ ಬಾಂಗು ಕೇಳಿದರೆ ಹಮ್ದಾ ತಡಕಾಡಿ ಕೈ ಚಾಚುವಳು, ಬಹಿಯಾ ಆ ಕೈ ಹಿಡಿದು ಮೆಟ್ಟಿಲಿಳಿಸುವಳು. ಇಬ್ಬರೂ ರಸ್ತೆ ದಾಟಿ ಮಸೀದಿಗೆ ಹೋಗಿ, ಹಿಂಭಾಗದ ನೆರಳಲ್ಲಿ ನಮಾಜು ಮುಗಿಸಿ, ಅಲ್ಲೇ ಕಟ್ಟೆಯ ಮೇಲೆ ಕೂತು ಲಾಫಿಯ ಬಾಲ್ಯ ಮಾತಾಡುವರು. ಆರು ವರ್ಷದವರೆಗಿನದು ಬಹಿಯಾ ಹೇಳಬೇಕು, ಅಲ್ಲಿಂದ ಮುಂದಿನದು ಹಮ್ದಾ. ಹೇಳಿದ್ದನ್ನೇ ಹೇಳುವರು, ಕೇಳಿದ್ದನ್ನೇ ಕೇಳುವರು.

ಹಮ್ದಾ ಹೋದಾಗ ಬಹಿಯಾ ಮಗಳ ಹಾಗೆ ಶೋಕಕ್ಕೆ ಕೂತಳು. ಬಂದ ಹೆಂಗಸರು, ನಿನಗೆ ಅವಳು ಏನಾಗಬೇಕು ಅಂತ ಕೇಳಿದರೆ, "ನನ್ನಮ್ಮ" ಅಂದುಬಿಟ್ಟಳು.

ಆಮೇಲೆ ಒಂದು ವಿಚಿತ್ರವಾಯಿತು. ಇಷ್ಟು ವರ್ಷ ದಮಾಸ್ಕಸ್ಸಿನ ಹೆಸರೆತ್ತಿದರೆ ಮೂಗು ಮುರಿಯುತ್ತಿದ್ದವಳು ಈಗ ಬಾಯಿಬಿಟ್ಟರೆ ದಮಾಸ್ಕಸ್. ಅಲ್ಲಿನ ಜರ್ದಾಳು ಹಣ್ಣು, ಬೆಟ್ಟದಿಂದ ಇಳಿಯುವ ತಣ್ಣೀರು, ತಗಡು ಬಡಿಯುವ ಸದ್ದು. ರುಷ್ದಿಯ ಗೋರಿಗೆ ನೀರು ಹಾಕುವವರಿಲ್ಲ ಅಂತ ಕೊರಗುವಳು. ಆ ದಿನಗಳಲ್ಲೇ ಹಳಿ ದುರಸ್ತಿಗೆ ಜನ ಬಂದರು; ಉತ್ತರದಿಂದ ಮತ್ತೆ ರೈಲು ಬರುತ್ತದೆ ಅಂತ ಊರೆಲ್ಲ ಮಾತು. ಬಹಿಯಾ ಗಟ್ಟಿ ಬಟ್ಟೆಯಲ್ಲಿ ಒಂದು ಪ್ರಯಾಣದ ಚೀಲ ಹೊಲಿದಳು.

"ಈ ವಯಸ್ಸಲ್ಲಿ ರೈಲಾ?" ಅಂತ ಅಮ್ಮ ಗೇಲಿ ಮಾಡಿದಳು. "ನಿನ್ನ ನೋಡಿದ್ರೆ ಎಂಜಿನ್ನೇ ಹೆದರಿ ನಿಲ್ಲುತ್ತೆ."

"ನಿಂತ್ರೆ ನಿಲ್ಲಲಿ. ಹತ್ತೋಕೆ ಸುಲಭ" ಅಂದಳು ಬಹಿಯಾ.

ಒಂದೆರಡು ವರ್ಷದಲ್ಲಿ ಉತ್ತರದಲ್ಲಿ ಇನ್ನೊಂದು ಯುದ್ಧವಾಯಿತು, ಕೆಲಸದವರು ಸಾಮಾನು ಕಟ್ಟಿಕೊಂಡು ಹೋದರು. ಬಹಿಯಾ ಚೀಲ ಬಿಚ್ಚಿ, ಆ ಬಟ್ಟೆಯಲ್ಲಿ ನನ್ನ ಮಗನಿಗೆ ಪುಸ್ತಕದ ಚೀಲ ಹೊಲಿದುಕೊಟ್ಟಳು. ಒಬ್ಬ ಶಾಮಿನ ಯಾತ್ರಿಕ ಹೆಂಗಸು ಜರ್ದಾಳು ಹಣ್ಣಿನ ರಸ ಒಣಗಿಸಿದ ಹಾಳೆ ತಂದುಕೊಟ್ಟಾಗ ಒಂದು ಚೂರು ಬಾಯಿಗಿಟ್ಟು ಬಹಳ ಹೊತ್ತು ಚಪ್ಪರಿಸಿದಳು. "ಚೆನ್ನಾಗಿದೆ" ಅಂದಳು. "ಮರದ ಕೆಳಗೆ ನಿಂತು ತಿಂದ ಹಾಗಿಲ್ಲ" ಅಂದು ಉಳಿದದ್ದನ್ನು ಮಕ್ಕಳಿಗೆ ಹಂಚಿದಳು.

ಅಮ್ಮ ಹೋದಳು, ಅಪ್ಪ ಹೋದರು. ಬಹಿಯಾ ಖಾಲಾ ಒಂದು ರಂಜಾನಿನಲ್ಲಿ, ಮೂರು ದಿನದ ಜ್ವರಕ್ಕೆ, ಸಲೀಸಾಗಿ ಹೋದಳು. ಸುದ್ದಿ ಮುಟ್ಟಿದ್ದೇ ಲಾಫಿ ಮಕ್ಕಳ ಸಮೇತ ಪಿಕಪ್ ಗಾಡಿಯಲ್ಲಿ ಬಂದ. ಅವನೂ ಆಗ ಬಿಳಿ ಗಡ್ಡದ ಮುದುಕ. ಮಕ್ಕಳು ಚಟ್ಟಕ್ಕೆ ಹೆಗಲು ಕೊಟ್ಟರು. ಬಕೀಯಲ್ಲಿ ಮಣ್ಣು ಮಾಡಿ ಬಂದ ಮೇಲೆ ನಮ್ಮ ಅಂಗಳದಲ್ಲಿ ಕೂತ. ಸಂಜೆ ರೋಜಾ ಬಿಡುವ ಹೊತ್ತಾಗಿತ್ತು. ನಾನು ಖರ್ಜೂರ, ಚಾ ತಂದಿಟ್ಟೆ.

"ಇವತ್ತು ಇಲ್ಲೇ ಉಳ್ಕೋ" ಅಂದೆ. "ಹಾಸಿಗೆ ಹಾಕ್ತೀನಿ."

"ಇಲ್ಲಮ್ಮಾ. ಆಡು ಈಯೋದಕ್ಕೆ ಬಂದಿವೆ. ಹೋಗ್ಬೇಕು" ಅಂದ. ಚಾ ಮುಗಿಸಿ ಎದ್ದವನು ಬಾಗಿಲಲ್ಲಿ ಒಂದು ಗಳಿಗೆ ನಿಂತ. "ಈ ಸಲ ಬುವಾತಲ್ಲಿ ಮಳೆ ಬಿದ್ದಿದೆ. ಕಣಿವೆ ಪೂರ್ತಿ ಹುಲ್ಲು. ಅಕ್ಕ ಬಂದಾಗ ಒಂದು ಕಡ್ಡಿ ಹಸಿರೂ ಇರ್ಲಿಲ್ಲ. ನೀನಾದ್ರೂ ಬಂದು ನೋಡು."

ಬರ್ತೀನಿ ಅಂದೆ. ಗಾಡಿ ನಿಲ್ದಾಣದ ಗೋಡೆ ಬಳಸಿಕೊಂಡು ಹೊರಟುಹೋಯಿತು. ಆ ವರ್ಷದ ಹುಲ್ಲು ಒಣಗುವುದರೊಳಗೆ ಹೋಗಬೇಕು ಅಂತಿದ್ದೆ. ಹೋಗಲಾಗಲಿಲ್ಲ.